ಚಿಂಕಾರ ಉಳಿಸುವ ಖರ್ಚು ಯಾರ ಲೆಕ್ಕಕ್ಕೆ?

ಬಾಗಲಕೋಟೆ ಜಿಲ್ಲೆಯ ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ ಕುರುಚಲು ಕಾಡನ್ನು ರಾಜ್ಯ ಸರ್ಕಾರವು 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಿತು. ಸುಮಾರು 96 ಚದರ ಕಿಲೋಮೀಟರಿನ ಈ ಪ್ರದೇಶದಲ್ಲಿ ಹುಲಿಯಿಲ್ಲ, ಆನೆಯಿಲ್ಲ, ತಲೆಯೆತ್ತಿ ನೋಡುವಂಥ ಮರಗಳೂ ಇಲ್ಲ. ಇರುವುದು ಕಲ್ಲುಮಡ್ಡಿ, ಜಾಲಿ, ಕವಳಿ, ತಂಗಡಿ, ಬಾರಿ ಗಿಡಗಳು, ಮಳೆಗಾಲದಲ್ಲಿ ಮೊಣಕಾಲುದ್ದ ಬೆಳೆದು ಚಳಿಗಾಲಕ್ಕೆ ಒಣಗುವ ಹುಲ್ಲು, ಮತ್ತು ಅದರ ನಡುವೆ ಇಪ್ಪತ್ತು ಕಿಲೋ ಆಸುಪಾಸು ತೂಗುವ ಚಿಂಕಾರ ಎಂಬ ಪುಟ್ಟ ಹುಲ್ಲೆ.

ಉತ್ತರ ಕರ್ನಾಟಕದಲ್ಲಿ ಕೃಷ್ಣಮೃಗವನ್ನೂ ಚಿಂಕಾರವನ್ನೂ ಒಟ್ಟಾಗಿ ಚಿಗರಿ ಎಂದುಬಿಡುವುದುಂಟು. ಆದರೆ ಎರಡರ ಬದುಕು ಬೇರೆ ಬೇರೆ. ಕೃಷ್ಣಮೃಗ ಎರೆಹೊಲಗಳ ಬಯಲಿನಲ್ಲಿ ಹಿಂಡುಗಟ್ಟಿ ಮೇಯುತ್ತದೆ. ಚಿಂಕಾರಕ್ಕೆ ಮಡ್ಡಿಯೇ, ಅಂದರೆ ಕುರುಚಲು ಬೆಳೆದ ಕಲ್ಲುನೆಲವೇ ಮನೆ. ಒಂಟಿಯಾಗಿ ಇಲ್ಲವೇ ಎರಡು-ಮೂರರ ಗುಂಪಿನಲ್ಲಿ ಇರುತ್ತದೆ, ಹೆಣ್ಣಿಗೂ ಸಣ್ಣ ಕೊಂಬುಗಳಿರುತ್ತವೆ, ಎಲೆಯ ಹಸಿ ಮತ್ತು ಇಬ್ಬನಿಯಿಂದಲೇ ಬಹಳ ದಿನ ನೀರಿಲ್ಲದೆ ಕಳೆಯಬಲ್ಲದು. ಬೆಳಗಿನ ಹೊತ್ತು ಕವಳಿ ಪೊದೆಯ ಮಗ್ಗುಲಲ್ಲಿ ನಿಂತ ಚಿಂಕಾರ ಮಣ್ಣಿನ ಬಣ್ಣದಲ್ಲಿ ಮಣ್ಣಾಗಿ ಬೆರೆತಿರುತ್ತದೆ. ಒಂದೇ ಸಮನೆ ಅಲುಗುವ ಕಪ್ಪು ಬಾಲ ಮಾತ್ರ ಅದನ್ನು ತೋರಿಸಿಕೊಡುತ್ತದೆ. ನಮ್ಮ ಸುಳಿವು ಸಿಕ್ಕೊಡನೆ ಮುಂಗಾಲಿನಿಂದ ನೆಲವನ್ನು ಒಮ್ಮೆ ಗುದ್ದಿ, ಸೀನಿದಂಥ ಸದ್ದು ಮಾಡಿ, ಕಣ್ಣು ಮಿಟುಕಿಸುವುದರೊಳಗೆ ದೂರ ನಿಂತು ಹಿಂದಿರುಗಿ ನೋಡುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಇದರ ಹೆಸರಿದೆ, ಅಂದರೆ ಕಾನೂನಿನ ಮಟ್ಟಿಗೆ ಹುಲಿಗೆ ಸಿಗುವ ರಕ್ಷಣೆ ಇದಕ್ಕೂ ಸಿಗುತ್ತದೆ.

ಕಾನೂನಿನ ರಕ್ಷಣೆ ಸಿಕ್ಕ ಮೇಲೂ ಖರ್ಚಿನ ಪ್ರಶ್ನೆ ಉಳಿಯುತ್ತದೆ. ವನ್ಯಜೀವಿಧಾಮಕ್ಕೆ ಗೋಡೆಯಿಲ್ಲ. ಸುತ್ತಲಿನ ಹೊಲಗಳಲ್ಲಿ ಹಿಂಗಾರಿ ಕಡಲೆ ಎರಡೆಲೆ ಬಿಟ್ಟಾಗ ಚಿಂಕಾರ ಅಲ್ಲಿಗೂ ಬರುತ್ತದೆ. ಅದೇ ಮಡ್ಡಿಯಲ್ಲಿ ತೋಳ, ಕತ್ತೆಕಿರುಬ, ನರಿಗಳೂ ಇವೆ; ಚಿಂಕಾರವನ್ನು ಉಳಿಸುವುದೆಂದರೆ ಇವನ್ನೂ ಉಳಿಸುವುದೇ. ಕಡಲೆಯ ಎಳೆ ಸಾಲು ಕಳೆದುಕೊಂಡ ರೈತ, ಮೇವಿನ ನೆಲಕ್ಕೆ ನಿರ್ಬಂಧ ಬಂದ ಕುರಿಗಾರ, ಮರಿ ಕಳೆದುಕೊಂಡ ಹಟ್ಟಿಯ ಹೆಣ್ಣುಮಗಳು, ಇವರೆಲ್ಲರೂ ವನ್ಯಜೀವಿ ಸಂರಕ್ಷಣೆಗೆ ಈಗಾಗಲೇ ಹಣ ಕೊಡುತ್ತಿದ್ದಾರೆ. ಅದು ಯಾವ ಲೆಕ್ಕದ ಪುಸ್ತಕದಲ್ಲಿಯೂ ಜಮಾ ಆಗುವುದಿಲ್ಲ, ಅಷ್ಟೆ. ಸಮುದಾಯ ಆಧಾರಿತ ಸಂರಕ್ಷಣೆಗೆ ಹಣ ಒದಗಿಸುವುದು ಎಂಬ ಮಾತನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಬರೆಯದೆ ಉಳಿದ ಈ ಖರ್ಚನ್ನು ಬರೆದು, ಅದನ್ನು ಹೊತ್ತವರ ಕೈಗೆ, ಅವರದೇ ತೀರ್ಮಾನದಂತೆ, ವರ್ಷ ವರ್ಷವೂ ತಪ್ಪದೆ ಹಣ ಮುಟ್ಟಿಸುವುದು.

ಕುರಿಗಾರರ ಒಂದು ರಾತ್ರಿಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿದಾಗ ಸುತ್ತಲೂ ಗೂಟ ನೆಟ್ಟು ನೈಲಾನ್ ಬಲೆ ಕಟ್ಟುತ್ತಾರೆ. ಬಲೆ ಎದೆಮಟ್ಟಕ್ಕಿಂತ ಎತ್ತರವಿರುವುದಿಲ್ಲ, ಹಳೆಯದಾದರೆ ಅಲ್ಲಲ್ಲಿ ಹರಿದು ದಾರದ ಗಂಟು ಬಿದ್ದಿರುತ್ತದೆ. ಎಳೆಯ ಮರಿಗಳನ್ನು ಬೇರೆಯಾಗಿ ಬುಟ್ಟಿಯಂಥ ಗೂಡಿನಲ್ಲಿಯೋ ಸಣ್ಣ ಬಲೆಯ ದಡ್ಡಿಯಲ್ಲಿಯೋ ಇಡುತ್ತಾರೆ. ನಾಲ್ಕು ಮೂಲೆಗೆ ನಾಯಿಗಳು, ಕಂಬಳಿ ಹೊದ್ದು ನಿದ್ದೆಗೂ ಎಚ್ಚರಕ್ಕೂ ನಡುವೆ ಮಲಗಿದ ಇಬ್ಬರು, ತಲೆದೆಸೆಯಲ್ಲಿ ಬ್ಯಾಟರಿ. ತೋಳ ಬರುವುದು ಗಾಳಿ ತಿರುಗಿದಾಗ, ನಸುಕಿನ ಮುನ್ನ. ನಾಯಿಗಳು ಒಂದು ಬದಿಗೆ ಬೊಗಳಿ ಓಡಿದರೆ ಇನ್ನೊಂದು ಬದಿಯಿಂದ ಮರಿ ಹೋಗಿರುತ್ತದೆ. ದಖ್ಖನ್ನಿನ ಹಳೆಯ ಕುರಿಗಾರರಲ್ಲಿ ಇದನ್ನು ತೋಳನ ಪಾಲು ಎಂದು ಒಪ್ಪಿಕೊಳ್ಳುವ ಮನಸ್ಸು ಇಂದಿಗೂ ಉಂಟು. ಆದರೆ ಈ ಒಪ್ಪಿಗೆಗೆ ಮಿತಿಯಿದೆ. ಕುರಿ ಸ್ವಂತದ್ದಾದರೆ ನಷ್ಟವನ್ನು ನುಂಗಿಕೊಳ್ಳಬಹುದು. ಬೇರೆಯವರ ಕುರಿಯನ್ನು ಪಾಲಿಗೆ ಕಾಯುವವನು ಮರುದಿನ ಮಾಲೀಕನಿಗೆ ಉತ್ತರ ಹೇಳಬೇಕು.

ಪರಿಹಾರ ವ್ಯವಸ್ಥೆ ಎಡವುವುದು ಇಲ್ಲಿಯೇ. ಕಾಡುಪ್ರಾಣಿಯಿಂದ ಜಾನುವಾರು ಸತ್ತರೆ ಅರಣ್ಯ ಇಲಾಖೆಯಿಂದ ಪರಿಹಾರವುಂಟು. ಕುರಿ-ಮೇಕೆಗಳು ಆಕಸ್ಮಿಕವಾಗಿ ಸತ್ತರೆ ಪಶುಸಂಗೋಪನಾ ಇಲಾಖೆಯ ಅನುಗ್ರಹ ಯೋಜನೆಯುಂಟು. ಎರಡಕ್ಕೂ ಪುರಾವೆ ಬೇಕು, ಪುರಾವೆಯೆಂದರೆ ಮುಖ್ಯವಾಗಿ ಸತ್ತ ಪ್ರಾಣಿಯ ದೇಹ. ತೋಳವೋ ಎಳೆಯ ಮರಿಯನ್ನು ಇಡಿಯಾಗಿ ಕಚ್ಚಿಕೊಂಡು ಹೋಗುತ್ತದೆ. ನೆಲದ ಮೇಲೆ ಉಳಿಯುವುದು ಒಂದೆರಡು ಹನಿ ರಕ್ತ, ಹೆಜ್ಜೆ ಗುರುತು ಮತ್ತು ಹರಿದ ಬಲೆ. ಪಂಚನಾಮೆ ಮಾಡುವವರು ಬರುವ ಹೊತ್ತಿಗೆ ಹಟ್ಟಿ ಮುಂದಿನ ಊರಿಗೆ ಎದ್ದಿರುತ್ತದೆ, ಏಕೆಂದರೆ ಕುರಿಗೆ ಮೇವು ಕಾಯುವುದಿಲ್ಲ. ಅಲೆಮಾರಿ ಬದುಕಿಗೂ ಒಂದೆಡೆ ಕೂತು ತುಂಬಬೇಕಾದ ಅರ್ಜಿಗೂ ಹೊಂದಾಣಿಕೆಯೇ ಇಲ್ಲ. ಯಾರದೂ ದುರುದ್ದೇಶವಿಲ್ಲದೆಯೂ ಹಣ ತಲುಪದಿರುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಾಣುವುದಿಲ್ಲ.

ಹಾಗಾದರೆ ಹಣ ಎಲ್ಲೆಲ್ಲಿದೆ? ಮೊದಲನೆಯದು ಸರ್ಕಾರದ ಆಯವ್ಯಯ. ಕೇಂದ್ರದ ವನ್ಯಜೀವಿ ಆವಾಸಸ್ಥಾನಗಳ ಸಮಗ್ರ ಅಭಿವೃದ್ಧಿ ಯೋಜನೆಯಡಿ ವನ್ಯಜೀವಿಧಾಮಗಳಿಗೆ ಹಣ ಬರುತ್ತದೆ. ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40. ಸಂರಕ್ಷಿತ ಪ್ರದೇಶದ ಹೊರಗಿನ ವನ್ಯಜೀವಿಗಳಿಗೂ ಈ ಯೋಜನೆಯಲ್ಲಿ ಅವಕಾಶವಿದೆ ಎಂಬುದು ಮಡ್ಡಿಯ ಮಟ್ಟಿಗೆ ಬಹಳ ಮುಖ್ಯ. ಆದರೆ ಸರ್ಕಾರದ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಮಡ್ಡಿಯ ಕಷ್ಟದ ಕಾಲ ಫೆಬ್ರುವರಿಯಿಂದ ಮೇವರೆಗೆ. ಬೆಂಕಿ ಬೀಳುವುದು, ನೀರಿನ ತೊಟ್ಟಿ ತುಂಬಿಸಬೇಕಾಗುವುದು, ದಿನಗೂಲಿ ಕಾವಲುಗಾರರ ಅಗತ್ಯ ಹೆಚ್ಚುವುದು, ಎಲ್ಲವೂ ಹಳೆಯ ವರ್ಷದ ಹಣ ಮುಗಿದು ಹೊಸ ವರ್ಷದ ಹಣ ಬಿಡುಗಡೆಯಾಗದ ಆ ತಿಂಗಳುಗಳಲ್ಲಿಯೇ. ಮೊತ್ತ ಎಷ್ಟೇ ದೊಡ್ಡದಿರಲಿ, ಬೇಸಿಗೆಗೆ ಸಿಗದ ಹಣ ಬೇಸಿಗೆಯ ಕೆಲಸಕ್ಕೆ ಇಲ್ಲದ ಹಣವೇ.

ಎರಡನೆಯದು ಕಾಂಪಾ, ಅಂದರೆ ಪರಿಹಾರಾತ್ಮಕ ಅರಣ್ಯೀಕರಣದ ನಿಧಿ. ಗಣಿ, ರಸ್ತೆ, ಅಣೆಕಟ್ಟೆಗಳಿಗೆ ಅರಣ್ಯಭೂಮಿ ಪಡೆದವರು ಪರಿಹಾರಾತ್ಮಕ ಅರಣ್ಯೀಕರಣಕ್ಕೂ, ಕಳೆದುಹೋದ ಕಾಡಿನ ನಿವ್ವಳ ಪ್ರಸ್ತುತ ಮೌಲ್ಯಕ್ಕೂ ಹಣ ಕಟ್ಟಬೇಕು. ಸುಪ್ರೀಂ ಕೋರ್ಟ್‌ನ ಆದೇಶಗಳಿಂದ ಸಂಗ್ರಹವಾಗುತ್ತ ಬಂದ ಈ ಹಣಕ್ಕೆ 2016ರಲ್ಲಿ ಪ್ರತ್ಯೇಕ ಕಾಯ್ದೆಯಾಯಿತು. ನಿಧಿಯ ನೂರಕ್ಕೆ 90 ಭಾಗ ರಾಜ್ಯಗಳಿಗೆ, 10 ಭಾಗ ಕೇಂದ್ರಕ್ಕೆ. 2019ರಲ್ಲಿ ರಾಜ್ಯಗಳಿಗೆ ಒಟ್ಟು 47,436 ಕೋಟಿ ರೂಪಾಯಿ ವರ್ಗಾವಣೆಯಾದಾಗ ಕರ್ನಾಟಕಕ್ಕೆ ಬಂದದ್ದು ಸುಮಾರು 1,350 ಕೋಟಿ. ಇಷ್ಟು ದೊಡ್ಡ ಗಂಟು ವನ್ಯಜೀವಿ ಕ್ಷೇತ್ರದಲ್ಲಿ ಬೇರೊಂದಿಲ್ಲ. ಇದರ ಕೆಲಸಗಳನ್ನು ಗ್ರಾಮಸಭೆ ಅಥವಾ ಗ್ರಾಮ ಅರಣ್ಯ ಸಮಿತಿಯೊಂದಿಗೆ ಸಮಾಲೋಚಿಸಿಯೇ ಮಾಡಬೇಕೆಂದು 2018ರ ನಿಯಮಗಳು ಹೇಳುತ್ತವೆ.

ಆದರೆ ಈ ನಿಧಿಯ ಹೆಸರಿನಲ್ಲಿಯೇ ಅರಣ್ಯೀಕರಣವಿದೆ, ಮತ್ತು ಮಡ್ಡಿಗೆ ಅಪಾಯವಿರುವುದು ಆ ಪದದಲ್ಲಿಯೇ. ಹುಲ್ಲುಗಾವಲು, ಕುರುಚಲು ಕಾಡುಗಳನ್ನು ಸರ್ಕಾರಿ ದಾಖಲೆಗಳು ಬಹುಕಾಲದಿಂದ ಬಂಜರು ಎಂದೇ ಎಣಿಸುತ್ತ ಬಂದಿವೆ. ಬಂಜರು ಎಂದ ಮೇಲೆ ಯಂತ್ರದಿಂದ ಸಾಲು ಗುಂಡಿ ತೆಗೆದು ಗಿಡ ನೆಡುವುದೇ ಪುಣ್ಯದ ಕೆಲಸವಾಗಿ ಕಾಣುತ್ತದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆಂದು ಘೋಷಿಸಿದ 119 ಚದರ ಕಿಲೋಮೀಟರಿನ ಧಾಮದ ಬಹುಭಾಗ ನೀಲಗಿರಿ ನೆಡುತೋಪಾಗಿರುವುದನ್ನು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಬಯಲನ್ನು ಬಯಲಾಗಿಯೇ ಬಿಡಬೇಕಾದ ಪ್ರಾಣಿಪಕ್ಷಿಗಳು ನಮ್ಮಲ್ಲಿವೆ. ಎರೆನೆಲದ ದೊಡ್ಡ ಹಕ್ಕಿಯನ್ನು ನಮ್ಮವರು ಎರೆಭೂತ ಎಂದು ಕರೆದರು. ಇಂದು ಕರ್ನಾಟಕದಲ್ಲಿ ಅದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ. ಆದ್ದರಿಂದ ಯಡಹಳ್ಳಿಯ ಸುತ್ತಲಿನ ಗ್ರಾಮಸಭೆಗಳು ಕಾಂಪಾ ಹಣವನ್ನು ಕೇಳುವಾಗ ಗಿಡ ನೆಡುವುದಕ್ಕಲ್ಲ, ಬಳ್ಳಾರಿ ಜಾಲಿಯನ್ನು ಕಿತ್ತು ಹುಲ್ಲಿಗೆ ಜಾಗ ಬಿಡಿಸುವುದಕ್ಕೆ, ಬೆಂಕಿ ಹರಡದಂತೆ ತೆರವು ಮಾಡುವ ಬೆಂಕಿ ರೇಖೆಗೆ, ಕಾವಲಿಗೆ ಎಂದು ಬಿಡಿಸಿ ಕೇಳಬೇಕು. ಸಮಾಲೋಚನೆಯ ನಿಯಮಕ್ಕೆ ಜೀವ ಬರುವುದು ಹಾಗೆ ಕೇಳಿದಾಗ.

ಮೂರನೆಯದು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ, ಎಲ್ಲರ ಬಾಯಲ್ಲಿ ಸಿಎಸ್‌ಆರ್. ಕೃಷ್ಣಾ ಮತ್ತು ಘಟಪ್ರಭೆಯ ದಂಡೆಯ ಸಕ್ಕರೆ ಕಾರ್ಖಾನೆಗಳು, ಲೋಕಾಪುರ-ಬಾಗಲಕೋಟೆಯ ಸಿಮೆಂಟ್ ಉದ್ಯಮ ಇರುವ ಜಿಲ್ಲೆಯಲ್ಲಿ ಇದು ದೂರದ ಮಾತಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ, 1,000 ಕೋಟಿ ವಹಿವಾಟು ಅಥವಾ 500 ಕೋಟಿ ನಿವ್ವಳ ಸಂಪತ್ತು ಇರುವ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ 2ರಷ್ಟನ್ನು ಇಂಥ ಕೆಲಸಗಳಿಗೆ ಖರ್ಚು ಮಾಡಬೇಕು. ಪ್ರಾಣಿ-ಸಸ್ಯ ಸಂಪತ್ತಿನ ರಕ್ಷಣೆ ಏಳನೆಯ ಅನುಸೂಚಿಯ ಪಟ್ಟಿಯಲ್ಲಿ ಸ್ಪಷ್ಟವಾಗಿದೆ, ಕಾರ್ಖಾನೆಯ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂಬ ಮಾತೂ ಕಾಯ್ದೆಯಲ್ಲಿದೆ. ತೊಡಕು ಎರಡು ಕಡೆ. ಹಣ ಪಡೆಯುವ ಸಂಸ್ಥೆ ನೋಂದಾಯಿತವಾಗಿರಬೇಕು, ಆದಾಯ ತೆರಿಗೆಯ ವಿನಾಯಿತಿ ಪತ್ರಗಳಿರಬೇಕು, 2021ರಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿಯೂ ಹೆಸರು ದಾಖಲಿಸಿರಬೇಕು. ಕುರಿಗಾರರ ಗುಂಪೊಂದು ನೇರವಾಗಿ ಹೋಗಿ ಕೇಳಲಾಗದು. ಇನ್ನೊಂದು, ಚಾಲ್ತಿಯಲ್ಲಿರುವ ಯೋಜನೆಯೆಂದು ಒಪ್ಪಿದರೂ ಆರಂಭದ ವರ್ಷ ಬಿಟ್ಟು ಮೂರು ವರ್ಷದೊಳಗೆ ಅದು ಮುಗಿಯಬೇಕು. ಮೂರು ವರ್ಷದಲ್ಲಿ ಶಾಲೆಯ ಕೋಣೆ ಕಟ್ಟಬಹುದು. ತೋಳದೊಂದಿಗೆ ಬದುಕುವ ರೂಢಿ ಅಷ್ಟು ಬೇಗ ಕಟ್ಟಿ ಮುಗಿಯುವಂಥದಲ್ಲ.

ವಿದೇಶಿ ದೇಣಿಗೆಯ ದಾರಿ ಇನ್ನೂ ಇಕ್ಕಟ್ಟು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯಂತೆ, ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ದೊಡ್ಡ ನಗರದ ಸಂಸ್ಥೆಯ ಮೂಲಕ ಹಳ್ಳಿಯ ಸಮಿತಿಗೆ ಹರಿಯುತ್ತಿದ್ದ ಹಣ ಅಲ್ಲಿಗೆ ನಿಂತಿತು. ಪ್ರವಾಸೋದ್ಯಮದ ಬಗ್ಗೆ ನನಗೆ ಹೆಚ್ಚಿನ ಭರವಸೆಯಿಲ್ಲ. ಹಂಪಿಗೆ ಬಂದವರು ದರೋಜಿಯ ಕರಡಿ ನೋಡಲು ಹೋಗುವಂತೆ ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಬಂದವರಲ್ಲಿ ಕೆಲವರು ಯಡಹಳ್ಳಿಯತ್ತ ತಿರುಗಬಹುದು. ಆದರೆ ಸೀನಿ ಓಡಿಹೋಗುವ ಸಂಕೋಚದ ಪ್ರಾಣಿಯನ್ನು ಟಿಕೆಟ್ಟಿನ ಆಧಾರವಾಗಿ ಮಾಡಿಕೊಂಡರೆ ಜೀಪುಗಳು ಅದರ ಬೆನ್ನು ಹತ್ತುತ್ತವೆ.

ಹಣ ಸರಿಯಾದ ಕೈಗೆ ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಮೊದಲ ಪಾಠ ನಮ್ಮ ರಾಜ್ಯದಲ್ಲಿಯೇ ಇದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಯ ಹಿತ್ತಿಲ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ಹಾಗೆಂದು ಹುಣಸೆ ಫಸಲಿನ ನಷ್ಟ ನಷ್ಟವಲ್ಲದೆ ಹೋಗುವುದಿಲ್ಲವಲ್ಲ. ಆದ್ದರಿಂದ ಗೂಡಿರುವ ಮರಗಳ ಮಾಲೀಕರಿಗೆ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಹಣ ಕೊಡುತ್ತ ಬಂದಿದೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಭಕ್ತಿಯೂ ಇರಲಿ, ಭರ್ತಿಯೂ ಇರಲಿ ಎಂಬ ಈ ವ್ಯವಸ್ಥೆಯನ್ನು ನಾನು ಬಹಳ ಗೌರವಿಸುತ್ತೇನೆ.

ಕುರಿಗಾರರಿಗೆ ಇನ್ನೂ ಹತ್ತಿರದ ಮಾದರಿ ಹಿಮಾಚಲದ ಸ್ಪಿತಿ ಕಣಿವೆಯ ಕಿಬ್ಬರ್ ಎಂಬ ಹಳ್ಳಿಯಲ್ಲಿದೆ. ಹಿಮಚಿರತೆಗೆ ಜಾನುವಾರು ಬಲಿಯಾಗುವುದು ಅಲ್ಲಿನ ತೊಂದರೆ. 2002ರ ಸುಮಾರಿಗೆ ಹಳ್ಳಿಯವರೂ ಒಂದು ಸಂರಕ್ಷಣಾ ಸಂಸ್ಥೆಯೂ ಸೇರಿ ವಿಮಾ ನಿಧಿ ಆರಂಭಿಸಿದರು. ಜಾನುವಾರಿನ ತಲೆಲೆಕ್ಕದಲ್ಲಿ ಮನೆಯವರು ವಂತಿಗೆ ಕಟ್ಟುತ್ತಾರೆ, ಆರಂಭದ ಮೂಲಧನಕ್ಕೆ ಸಂಸ್ಥೆ ಕೈಜೋಡಿಸಿತು, ನಷ್ಟ ನಿಜವೇ ಎಂದು ತೀರ್ಮಾನಿಸುವುದು ಹಳ್ಳಿಯದೇ ಸಮಿತಿ. ಹಣ ತಮ್ಮದೂ ಆಗಿರುವುದರಿಂದ ಸುಳ್ಳು ಅರ್ಜಿಗೆ ನೆರೆಯವರೇ ಅಡ್ಡ ಬರುತ್ತಾರೆ. ಎಚ್ಚರದಿಂದ ಮಂದೆ ಕಾಯುವವರಿಗೆ ಪ್ರೋತ್ಸಾಹವೂ ಉಂಟು. ಸ್ವೀಡನ್‌ನಲ್ಲಿ 1996ರಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಹಿಮಸಾರಂಗ ಸಾಕುವ ಸಾಮಿ ಜನರ ಹಳ್ಳಿಗಳಿಗೆ, ಎಷ್ಟು ಸಾರಂಗ ಸತ್ತವು ಎಂದಲ್ಲ, ಅವರ ಸೀಮೆಯಲ್ಲಿ ಲಿಂಕ್ಸ್, ವುಲ್ವರೀನ್ ಎಂಬ ಬೇಟೆಯಾಡುವ ಪ್ರಾಣಿಗಳು ಎಷ್ಟು ಕಡೆ ಮರಿ ಹಾಕಿವೆ ಎಂದು ಎಣಿಸಿ ಹಣ ಕೊಡುತ್ತಾರೆ. ನಮ್ಮ ಮಾತಿಗೆ ತಿರುಗಿಸಿ ಹೇಳುವುದಾದರೆ, ಸತ್ತ ಕುರಿಮರಿಯ ದೇಹ ತೋರಿಸು ಎನ್ನುವ ಬದಲು, ನಿಮ್ಮೂರ ಮಡ್ಡಿಯಲ್ಲಿ ತೋಳದ ಗವಿಯೊಂದು ಈ ಚಳಿಗಾಲ ಕೆಡದೆ ಉಳಿದಿದೆ, ತೆಗೆದುಕೊಳ್ಳಿ ಎನ್ನುವುದು. ದೇಹವಿಲ್ಲದ ಮರಿಯ ಸಮಸ್ಯೆ ಅಲ್ಲಿಗೆ ತಾನಾಗಿ ಕರಗುತ್ತದೆ.

ಇಂಥ ಹಣವನ್ನು ಬೀಳಗಿ-ಮುಧೋಳದ ಊರುಗಳು ಎಲ್ಲಿ ಇಡಬಹುದು? ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ ಎರಡು ಬಗೆಯ ಮೀಸಲುಗಳನ್ನು ತಂದಿತು. ಧಾಮಕ್ಕೆ ಹೊಂದಿಕೊಂಡ ಸರ್ಕಾರಿ ಜಮೀನನ್ನು, ಅಂದರೆ ನಮ್ಮ ಗಾಯರಾಣ ಅಥವಾ ಗೋಮಾಳಗಳಂಥವನ್ನು, ಸ್ಥಳೀಯರೊಂದಿಗೆ ಸಮಾಲೋಚಿಸಿ ಸಂರಕ್ಷಣಾ ಮೀಸಲು ಮಾಡಬಹುದು. ರೈತರು ಅಥವಾ ಸಮುದಾಯ ತಾವಾಗಿ ಮುಂದೆ ಬಂದರೆ ಅವರ ಜಮೀನನ್ನು ಸಮುದಾಯ ಮೀಸಲು ಮಾಡಬಹುದು. ಇದರ ಒಡೆತನ ಬದಲಾಗುವುದಿಲ್ಲ, ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳು ಅದರ ನಿರ್ವಹಣಾ ಸಮಿತಿಯಲ್ಲಿರುತ್ತಾರೆ, ಆದರೆ ಒಮ್ಮೆ ಘೋಷಣೆಯಾದ ಮೇಲೆ ಸಮಿತಿಯ ನಿರ್ಣಯ ಮತ್ತು ಸರ್ಕಾರದ ಒಪ್ಪಿಗೆಯಿಲ್ಲದೆ ಭೂಬಳಕೆ ಬದಲಿಸುವಂತಿಲ್ಲ. ಗಾಳಿ ವಿದ್ಯುತ್ತಿಗೂ ಸೌರ ವಿದ್ಯುತ್ತಿಗೂ ಜಮೀನಿನ ಬೇಡಿಕೆ ಏರಿರುವ ಕಾಲದಲ್ಲಿ ಈ ಷರತ್ತನ್ನು ಒಪ್ಪಿಕೊಳ್ಳುವುದು ರೈತನಿಗೆ ಸಣ್ಣ ತ್ಯಾಗವಲ್ಲ. ಪ್ರತಿಫಲ ಏನೆಂದು ಮೊದಲೇ ಹೇಳದೆ ಸಹಿ ಕೇಳುವುದು ನ್ಯಾಯವೂ ಅಲ್ಲ. ಮೀಸಲಿನವರೆಗೆ ಹೋಗದೆಯೂ ಮಾಡಬಹುದಾದದ್ದಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದಕ್ಕೆ ಸ್ಥಳೀಯ ಜೀವವೈವಿಧ್ಯ ನಿಧಿ ಎಂಬ ಖಾತೆಗೆ ಅವಕಾಶವಿದೆ.

ಲೆಕ್ಕವನ್ನು ಉದಾಹರಣೆಗೆಂದು ಹಾಕಿ ನೋಡೋಣ. ಹತ್ತಾರು ಊರುಗಳಿಗೆ ಸೇರಿ 50 ಲಕ್ಷ ರೂಪಾಯಿ ಮೂಲಧನ ಕೂಡಿತೆನ್ನಿ. ನೂರಕ್ಕೆ 6ರ ಬಡ್ಡಿಯಲ್ಲಿ ವರ್ಷಕ್ಕೆ 3 ಲಕ್ಷ ಬರುತ್ತದೆ. ಅದರಲ್ಲಿ ಒಂದೂವರೆ ಲಕ್ಷ ಮರಿ ಮತ್ತು ಬೆಳೆ ನಷ್ಟಕ್ಕೆ, ಒಂದು ಲಕ್ಷ ಎತ್ತರದ ಗಟ್ಟಿ ಬಲೆ, ಬ್ಯಾಟರಿ, ನಾಯಿಗಳ ಲಸಿಕೆಗೆ, ಐವತ್ತು ಸಾವಿರ ಮರಳಿ ಮೂಲಧನಕ್ಕೆ. ನೂರು ಹಟ್ಟಿಗಳು ವರ್ಷಕ್ಕೆ ಮುನ್ನೂರು ರೂಪಾಯಿಯಂತೆ ವಂತಿಗೆ ಕಟ್ಟಿದರೆ ಇನ್ನೂ 30 ಸಾವಿರ. ಬೆಲೆಯೇರಿಕೆಯನ್ನು ಮೂಲಧನ ತಾಳಿಕೊಳ್ಳಬೇಕಾದರೆ ವಂತಿಗೆ ನಿಲ್ಲಬಾರದು. ಮೊತ್ತ ದೊಡ್ಡದಲ್ಲ, ಆದರೆ ಬೇಸಿಗೆಯಲ್ಲಿಯೂ ಇರುತ್ತದೆ, ಸರ್ಕಾರ ಬದಲಾದರೂ ಇರುತ್ತದೆ. ಸಿಎಸ್‌ಆರ್ ಹಣ ಸಿಗುವ ವರ್ಷಗಳಲ್ಲಿ ಅದನ್ನು ಕೊಡುವವರ ಮೇಲೆ ಬಲೆ, ಲಸಿಕೆಯಂಥ ಮೂರು ವರ್ಷದೊಳಗೆ ಮುಗಿಯುವ ಖರ್ಚನ್ನು ಹೊರಿಸಿ, ಸರ್ಕಾರದ ಅನುದಾನವನ್ನು ಕಾವಲಿಗೆ ಬಳಸಿ, ಬಡ್ಡಿಯ ಹಣವನ್ನು ನಷ್ಟಭರ್ತಿಗೆಂದೇ ಕಾದಿಡುವುದು ಜಾಣತನ.

ಪಡೆದದ್ದಕ್ಕೆ ಪ್ರತಿಯಾಗಿ ಊರು ಕೊಡಬೇಕಾದದ್ದೂ ಇದೆ. ಉರುಲು ಹಾಕಬಾರದು, ಹುಲ್ಲಿಗೆ ಬೆಂಕಿ ಇಡಬಾರದು, ತೋಳದ ಗವಿಗೆ ಹೊಗೆ ಹಾಕಬಾರದು. ಎಲ್ಲಕ್ಕಿಂತ ಕಠಿಣವಾದದ್ದು ಬೀದಿನಾಯಿಗಳ ವಿಷಯ. ಸತ್ತ ದನ, ಕೋಳಿ ಅಂಗಡಿಯ ಕಸವನ್ನು ಊರ ಹೊರಗೆ ಎಸೆದಲ್ಲೆಲ್ಲ ನಾಯಿಗಳ ಗುಂಪು ಬೆಳೆದು, ಚಿಂಕಾರದ ಮರಿಯನ್ನೂ ಕುರಿಮರಿಯನ್ನೂ ಒಂದೇ ರೀತಿ ಹರಿದುಹಾಕುತ್ತದೆ. ಎಷ್ಟೋ ಸಲ ಆ ಅಪವಾದ ತೋಳದ ಮೇಲೆ ಬೀಳುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಂತೆ ಬೀದಿನಾಯಿಗಳ ಸಂತಾನಹರಣ ಸ್ಥಳೀಯ ಸಂಸ್ಥೆಯ ಹೊಣೆ. ಚಿಂಕಾರಕ್ಕೆಂದು ಬಂದ ಹಣದಲ್ಲಿ ನಾಯಿಗಳಿಗೆ ಖರ್ಚು ಮಾಡುವುದು ವಿಚಿತ್ರವಾಗಿ ಕಂಡರೂ, ಮಡ್ಡಿಯಲ್ಲಿ ಅದಕ್ಕಿಂತ ನೇರವಾದ ಚಿಂಕಾರ ಸಂರಕ್ಷಣೆ ಮತ್ತೊಂದಿಲ್ಲ.

ಹಳ್ಳಿಯವರು ಹಣ ನಿಭಾಯಿಸಲಾರರು ಎಂಬ ಮಾತನ್ನು ಸಭೆಗಳಲ್ಲಿ ಕೇಳಿದಾಗ ನನಗೆ ನೋವಾಗುತ್ತದೆ. ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಕೃಷಿ ಸಹಕಾರ ಸಂಘ ಹುಟ್ಟಿತು. ಪ್ರತಿ ಊರಲ್ಲಿ ಜಾತ್ರೆಗೆ ಪಟ್ಟಿ ಎತ್ತುತ್ತಾರೆ. ಯಾರ ಮನೆಯಿಂದ ಎಷ್ಟು ಬಂತು, ತೇರಿನ ಹಗ್ಗಕ್ಕೆ ಎಷ್ಟು ಹೋಯಿತು ಎಂದು ದೈವದವರ, ಅಂದರೆ ಊರ ಹಿರಿಯರ ಮುಂದೆ ಓದಿ ಹೇಳುತ್ತಾರೆ. ಹೆಣ್ಣುಮಕ್ಕಳು ಭಿಶಿ, ಅಂದರೆ ಚೀಟಿ ಹಾಕಿ ವರ್ಷಗಟ್ಟಲೆ ಒಂದು ಪೈಸೆ ತಪ್ಪದೆ ನಡೆಸುತ್ತಾರೆ. ಚಿಂಕಾರ ನಿಧಿಯ ಲೆಕ್ಕವನ್ನೂ ಅದೇ ಕಟ್ಟೆಯ ಮೇಲೆ ಓದಬಹುದು. ಮರಿ ಹೋದ ಬೆಳಿಗ್ಗೆ, ಹಟ್ಟಿ ಏಳುವ ಮುನ್ನ, ಸಮಿತಿಯ ಒಬ್ಬ ಕುರಿಗಾರ, ಒಬ್ಬ ರೈತ, ಒಬ್ಬ ಅರಣ್ಯ ರಕ್ಷಕ ಸೇರಿ ಹೆಜ್ಜೆ ಗುರುತಿಗೂ ಹರಿದ ಬಲೆಗೂ ಮೊಬೈಲಿನಲ್ಲಿ ಫೋಟೊ ತೆಗೆದು ಸಹಿ ಹಾಕಿದರೆ ಸಾಕೆಂದು, ಹಣ ವಾರದೊಳಗೆ ಖಾತೆಗೆ ಬೀಳಬೇಕೆಂದು, ಹೊರ ತಾಲ್ಲೂಕಿನಿಂದ ಬಂದ ಅಲೆಮಾರಿ ಹಟ್ಟಿಗೂ ಇದು ಅನ್ವಯಿಸಬೇಕೆಂದು ಬರೆದುಕೊಳ್ಳಲು ಬೇಕಾಗುವುದು ಗ್ರಾಮಸಭೆಯ ಒಂದು ಠರಾವು. ಚಳಿಗಾಲದಲ್ಲಿ ತೋಳ ಮರಿ ಹಾಕುವ ಮುನ್ನವೇ, ಹಿಂಗಾರಿ ಬಿತ್ತನೆಗೆ ಜನ ಊರಲ್ಲಿರುವಾಗ, ಆ ಠರಾವನ್ನು ಮಂಡಿಸಿದರೆ ಮುಂದಿನ ಬೇಸಿಗೆಯೊಳಗೆ ಖಾತೆ ತೆರೆಯಲು ಸಮಯ ಸಿಗುತ್ತದೆ.